ಎಕ್ಕದ ಎಲೆ ಮತ್ತು ಮಂಜುವಿನ ಹೆಬ್ಬೆರಳು

ಗುಂಪು: ಶಿಡ್ಲಘಟ್ಟ ದೊಡ್ಡಮನೆ

ನಾಗಣ್ಣ ಚಿಕ್ಕಪ್ಪ (ಫಾರ್ವರ್ಡ್): ಮಣಿಕಟ್ಟು ನೋವಿಗೆ ಆಪರೇಷನ್ ಬೇಡವೇ ಬೇಡ! ನರ ಕತ್ತರಿಸುತ್ತಾರೆ, ಹೆಬ್ಬೆರಳು ಸತ್ತುಹೋಗುತ್ತದೆ. ಎಕ್ಕದ ಎಲೆ ಬಿಸಿ ಮಾಡಿ ಮೂರು ದಿನ ಕಟ್ಟಿ. ಎಲ್ಲರಿಗೂ ಕಳಿಸಿ.

ಹರೀಶ: ಇದನ್ನು ಬರೆದ ಡಾಕ್ಟರ್ ಯಾರು ಚಿಕ್ಕಪ್ಪ? ಹೆಸರೇ ಇಲ್ಲವಲ್ಲ.

ನಾಗಣ್ಣ ಚಿಕ್ಕಪ್ಪ: ನಿನಗೆ ಎಲ್ಲಕ್ಕೂ ಸಾಕ್ಷಿ ಬೇಕು. ನಮ್ಮ ಕಾಲದಲ್ಲಿ ಮೈಮುರಿದು ದುಡಿಯುತ್ತಿದ್ದೆವು, ಕೈ ನೋವೇ ಇರಲಿಲ್ಲ. ಇದೆಲ್ಲ ಮೊಬೈಲ್ ಒತ್ತಿ ಬಂದದ್ದು.

ಪದ್ಮಾ: ಅಜ್ಜಿ ರಾಗಿ ಬೀಸುತ್ತಾ ಹಾಡುತ್ತಿದ್ದದ್ದು ನೆನಪಾಯಿತು. ಆ ಬೀಸೋ ಕಲ್ಲು ಈಗ ಯಾರ ಮನೆಯಲ್ಲಿದೆ?

ಹರೀಶ: ಭಾಗ ಆದಾಗ ಯಾರು ತಗೊಂಡು ಹೋದರು ಅಂತ ಎಲ್ಲರಿಗೂ ಗೊತ್ತು.

ನಾಗಣ್ಣ ಚಿಕ್ಕಪ್ಪ: ನಿಮ್ಮಪ್ಪನೇ ಎತ್ತಿ ಗಾಡಿಗೆ ಹಾಕಿದ್ದು. ಕೇಳು ಹೋಗು.

ಲತಾ: ಕಲ್ಲಿನ ಮಾತು ಬಿಡಿ. ಕೈ ನೋವೇ ಇರಲಿಲ್ಲವಾ? ಅಜ್ಜಿ ಕೊನೆಕೊನೆಗೆ ನೀರಿನ ಚೊಂಬನ್ನು ಎರಡೂ ಅಂಗೈಯಲ್ಲಿ ತಬ್ಬಿ ಎತ್ತುತ್ತಿದ್ದರು. ಹೆಬ್ಬೆರಳು ಊರಲು ಆಗುತ್ತಿರಲಿಲ್ಲ.
ಪಾಪುವನ್ನು ಎತ್ತಿ ಎತ್ತಿ ನನಗೂ ಅದೇ ನೋವು ಬಂತು. ಆಪರೇಷನ್ ಮಾಡಿಸಿಕೊಂಡೆ. ಅಲ್ಲಿ ಕತ್ತರಿಸುವುದು ನರವನ್ನಲ್ಲ. ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು, ಮಣಿಕಟ್ಟಿನ ಹತ್ತಿರ ಒಂದು ಇಕ್ಕಟ್ಟಾದ ಪೊರೆಯೊಳಗೆ ಹಾಯುತ್ತವೆ. ಪೊರೆ ದಪ್ಪವಾದರೆ ಉಜ್ಜಿ ಉಜ್ಜಿ ನೋವು. 1895ರಲ್ಲೇ ಸ್ವಿಟ್ಜರ್ಲೆಂಡಿನ ಸರ್ಜನ್ ಡಿ ಕ್ವರ್ವೇನ್ ಇದನ್ನು ಬರೆದಿದ್ದಾರೆ. ಜಾಸ್ತಿ ಜನಕ್ಕೆ ಕೈಪಟ್ಟಿ, ಇಂಜೆಕ್ಷನ್ನಲ್ಲೇ ವಾಸಿಯಾಗುತ್ತೆ. ನನಗೆ ಆಗಲಿಲ್ಲ. ಆಗ ಆ ಜಾಗ ಮಾತ್ರ ಮರಗಟ್ಟಿಸಿ ಪೊರೆ ಸೀಳಿ ಸಡಿಲ ಮಾಡಿದರು. ಚರ್ಮದ ನರ ಪಕ್ಕದಲ್ಲೇ ಇರುತ್ತೆ, ಅದಕ್ಕೆ ಕೈ ಆಪರೇಷನ್ ಪಳಗಿದವರ ಹತ್ತಿರವೇ ಹೋಗಬೇಕು.

ಮಂಜು: ನಾನೂ ಹೇಳಿಬಿಡುತ್ತೇನೆ. ಕುಡುಗೋಲು ತಗುಲಿದಾಗ ಚರ್ಮಕ್ಕಷ್ಟೇ ಹೊಲಿಗೆ ಬಿತ್ತು. ಹೆಬ್ಬೆರಳು ಮೇಲೇಳುತ್ತಿಲ್ಲ ಅಂದೆ. ತಾನಾಗೇ ಸರಿಹೋಗುತ್ತೆ, ಎಣ್ಣೆ ತಿಕ್ಕು ಅಂದವರು ನೀವು ಚಿಕ್ಕಪ್ಪ. ನೂಲು ಬಿಚ್ಚುವಾಗ ಎಳೆ ಕಿತ್ತರೆ ಆಗಲೇ ಕೂಡಿಸುತ್ತೇವೆ ಅಲ್ವಾ? ರಜ್ಜು ತುಂಡಾದರೂ ಹಾಗೇ, ತಡ ಮಾಡಿದರೆ ತುದಿ ಒಳಗೆ ಸರಿದುಬಿಡುತ್ತೆ. ನಾಲ್ಕು ತಿಂಗಳಾಗಿತ್ತು, ನೇರ ಕೂಡಿಸಲು ಆಗಲಿಲ್ಲ. ತೋರುಬೆರಳನ್ನು ನೆಟ್ಟಗೆ ಚಾಚುವುದಕ್ಕೆ ಎರಡು ರಜ್ಜು ಇರುತ್ತವಂತೆ. ಅದರಲ್ಲಿ ಒಂದನ್ನು ತಂದು ಹೆಬ್ಬೆರಳಿಗೆ ಜೋಡಿಸಿದರು. ಈಗ ಬೆರಳು ಏಳುತ್ತೆ.

ನಾಗಣ್ಣ ಚಿಕ್ಕಪ್ಪ: ಒಳ್ಳೆಯದಕ್ಕೇ ಹೇಳಿದ್ದೆ. ದೊಡ್ಡವರನ್ನು ಹೀಗೆ ಎಲ್ಲರ ಮುಂದೆ ಅನ್ನಬಾರದು.

ಪದ್ಮಾ: ಬೀಸೋ ಕಲ್ಲಿನ ಫೋಟೋ ಆದರೂ ಹಾಕಿ ಚಿಕ್ಕಪ್ಪ.

ಚಿಕ್ಕಮ್ಮ: ಲತಾ, ಆರು ತಿಂಗಳಿಂದ ಹಾಲು ಕರೆಯುವಾಗ ನನಗೂ ಅದೇ ಜಾಗ. ಎಕ್ಕದ ಎಲೆ ಕಟ್ಟಿ ಚರ್ಮ ಬೊಬ್ಬೆ ಬಂದಿದೆ.

ಲತಾ: ಅಯ್ಯೋ, ಎಲೆ ಮೊದಲು ತೆಗೆದು ಕೈ ತೊಳಿ ಚಿಕ್ಕಮ್ಮ. ಬುಧವಾರ ಬೆಳಿಗ್ಗೆ ಬರುತ್ತೇನೆ, ಇಬ್ಬರೂ ಹೋಗೋಣ.

ಚಿಕ್ಕಮ್ಮ: ಹಸು?

ಮಂಜು: ನಾನು ಕರೆಯುತ್ತೇನೆ.