ಚಿತ್ರಮೂಲದ ಸಾರ: ಒಂದು ಬ್ಯಾಚ್ ಕೆಲಸ ಮಾಡುತ್ತೆ, ಇನ್ನೊಂದು ಇಲ್ಲ

ಎಂಎಸ್ಸಿ_ಮೈಸೂರು:
ಕಾಳಾ ಅಜಾರ್ (ಮರಳುನೊಣದಿಂದ ಹರಡುವ ಜ್ವರ) ತರುವ ಲೀಶ್ಮೇನಿಯಾ ಡೊನೊವಾನಿ ಎಂಬ ಪರಾವಲಂಬಿಯ ಮೇಲೆ ಚಿತ್ರಮೂಲದ ಬೇರನ್ನು ಪರೀಕ್ಷಿಸುತ್ತಿದ್ದೇನೆ. ಮೈಸೂರಿನ ಗ್ರಂಧಿಗೆ ಅಂಗಡಿಯಿಂದ ತಂದ ಒಣಬೇರು, 50 ಗ್ರಾಂ ಪುಡಿ, ಮೆಥನಾಲ್‌ನಲ್ಲಿ 8 ಗಂಟೆ ಸಾಕ್ಸ್‌ಲೆಟ್ (ಬಿಸಿ ದ್ರಾವಕ ಮತ್ತೆ ಮತ್ತೆ ಹರಿಸಿ ಸಾರ ತೆಗೆಯುವ ಉಪಕರಣ), ಆಮೇಲೆ ರಾತ್ರಿಯಿಡೀ 70 ಡಿಗ್ರಿ ಓವನ್. ಮೊದಲ ಬ್ಯಾಚ್ ಪ್ರೊಮಾಸ್ಟಿಗೋಟ್‌ಗಳನ್ನು (ಪರಾವಲಂಬಿಯ ಈಜುವ ರೂಪ) ಚೆನ್ನಾಗಿ ಕೊಂದಿತು. ಎರಡನೆಯದು ಮಿಲಿಗೆ 100 ಮೈಕ್ರೋಗ್ರಾಂ ಹಾಕಿದರೂ ಏನೂ ಇಲ್ಲ. ಎಂಟಿಟಿ (ಬದುಕಿದ ಕೋಶಗಳು ನೇರಳೆ ಮಾಡುವ ಹಳದಿ ಬಣ್ಣ) ಪ್ಲೇಟ್‌ನಲ್ಲಿ ಸಾರ ಹಾಕಿ ಪರಾವಲಂಬಿ ಹಾಕದ ವೆಲ್‌ಗಳೂ (ಗುಳಿಗಳೂ) ನೇರಳೆಗೆ ತಿರುಗುತ್ತಿವೆ. ಎಲ್ಲಿಂದ ಸರಿಮಾಡಲಿ?

ಸಸ್ಯರಸಾಯನ:
ಮೊದಲು ಓವನ್ ಬಿಡಿ. ಆ ಬೇರಿನ ಕಸುವು ಮುಖ್ಯವಾಗಿ ಪ್ಲಂಬಾಜಿನ್ ಎಂಬ ಹಳದಿ ರಾಸಾಯನಿಕದ್ದು. ಅದು 76–78 ಡಿಗ್ರಿಗೆ ಕರಗುತ್ತೆ, ಕರಗುವ ಮುಂಚೆಯೇ ಆವಿಯಾಗಿ ಹಾರಲು ಶುರುಮಾಡುತ್ತೆ, ನೀರಿನ ಹಬೆ ಜೊತೆಗೂ ಹೊರಟುಹೋಗುತ್ತೆ. 70 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಉಳಿಯುವುದು ಬಹುಪಾಲು ಸಕ್ಕರೆ, ಟ್ಯಾನಿನ್.

ಒರಟು ಪುಡಿಗೆ ಗ್ರಾಂಗೆ 10 ಮಿಲಿ ಈಥೈಲ್ ಅಸಿಟೇಟ್ ಹಾಕಿ, ಮುಚ್ಚಿದ ಶೀಶೆಯಲ್ಲಿ, ಕತ್ತಲಲ್ಲಿ 24 ಗಂಟೆ ನೆನೆಸಿ ಸೋಸಿ. ಹೀಗೆ ಮೂರು ಸಲ. ದ್ರಾವಕ ಆವಿಮಾಡುವ ರೋಟರಿ ಇವಾಪೊರೇಟರ್ 40 ಡಿಗ್ರಿ ದಾಟದಿರಲಿ. ದ್ರಾವಕ ಹೋದ ತಕ್ಷಣ ತೆಗೆಯಿರಿ, ವ್ಯಾಕ್ಯೂಮಿನಲ್ಲೇ ಬಿಟ್ಟರೆ ಅಲ್ಲೂ ನಷ್ಟ. ಕಂದು ಶೀಶೆಯಲ್ಲಿ ಮೈನಸ್ 20ಕ್ಕೆ ಇಡಿ.

ಪ್ರತಿ ಬ್ಯಾಚಿಗೂ ಟಿಎಲ್‌ಸಿ (ತೆಳುಪದರದ ಮೇಲೆ ಘಟಕಗಳನ್ನು ಬೇರ್ಪಡಿಸುವ ಪರೀಕ್ಷೆ) ಮಾಡಲೇಬೇಕು: ಸಿಲಿಕಾ ಪ್ಲೇಟ್, ಹೆಕ್ಸೇನ್ 8 ಪಾಲು, ಈಥೈಲ್ ಅಸಿಟೇಟ್ 2 ಪಾಲು, ಪಕ್ಕದಲ್ಲಿ ಶುದ್ಧ ಪ್ಲಂಬಾಜಿನ್. ಹಳದಿ ಚುಕ್ಕೆ ಆಲ್ಕೊಹಾಲಿಕ್ ಪೊಟ್ಯಾಶ್ (ಆಲ್ಕೊಹಾಲಿನಲ್ಲಿ ಕರಗಿಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಸಿಂಪಡಿಸಿದರೆ ಕೆಂಪು-ನೇರಳೆ ಆಗಬೇಕು. ಆಗದಿದ್ದರೆ ಆ ಸಾರಕ್ಕೆ ಕಲ್ಚರ್ ದಂಡ ಮಾಡಬೇಡಿ.

ಮಲೇರಿಯಾ ಔಷಧ ಆರ್ಟೆಮಿಸಿನಿನ್ ಸಿಕ್ಕಿದ್ದೂ ಹೀಗೇ. 1971ರಲ್ಲಿ ಚೀನಾದ ವಿಜ್ಞಾನಿ ತು ಯೂಯೂ ಕುದಿಸುವುದು ಬಿಟ್ಟು, ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಬಳಸಿದ ಮೇಲೆ ಸಾರ ನಿಂತು ಕೆಲಸ ಮಾಡಿತು.

ವೆಲ್‌_96:
ನೇರಳೆ ಬಣ್ಣದ ವಿಷಯ: ಸಾರದಲ್ಲಿರುವ ಪಾಲಿಫೀನಾಲ್‌ಗಳು ಎಂಟಿಟಿಯನ್ನು ತಾವೇ ಫಾರ್ಮಜಾನ್ (ಆ ನೇರಳೆ ವಸ್ತು) ಮಾಡುತ್ತವೆ. ಸತ್ತ ಪರಾವಲಂಬಿ ಬದುಕಿದಂತೆ ಕಾಣುತ್ತೆ. ಹಾಗಾಗಿ ನಿಮ್ಮ ಎರಡನೇ ಬ್ಯಾಚ್ ನಿಜವಾಗಿ ಸೋತಿದೆಯೋ ಇಲ್ಲವೋ ಈ ಪ್ಲೇಟಿನಿಂದ ಹೇಳಲಾಗದು. ಪ್ರತಿ ಸಾಂದ್ರತೆಗೂ ಜೀವಕೋಶವಿಲ್ಲದ ವೆಲ್ ಇಟ್ಟು ಕಳೆಯಿರಿ. ಇನ್ನೂ ಒಳ್ಳೆಯದು, ನ್ಯೂಬಾವರ್ ಚೇಂಬರಿನಲ್ಲಿ (ಕೋಶ ಎಣಿಸುವ ಗೆರೆಯ ಗಾಜಿನ ಪಟ್ಟಿ) ಸೂಕ್ಷ್ಮದರ್ಶಕದಡಿ ಚಲಿಸುವ ಪ್ರೊಮಾಸ್ಟಿಗೋಟ್‌ಗಳನ್ನು ಎಣಿಸಿ. ಕಣ್ಣಿಗೆ ಬೇಸರ, ಆದರೆ ನಂಬಬಹುದು.

ಸಾರ ಕರಗಿಸುವ ದ್ರಾವಕ ಡಿಎಂಎಸ್‌ಒ ಲೆಕ್ಕವನ್ನೂ ನೋಡಿಕೊಳ್ಳಿ, ಹೆಚ್ಚಾದರೆ ಅದೇ ಕೋಶಗಳಿಗೆ ವಿಷ. ಸ್ಟಾಕ್ ಮಿಲಿಗೆ 10 ಮಿಲಿಗ್ರಾಂ ಆಗಿದ್ದರೆ ಮಿಲಿಗೆ 100 ಮೈಕ್ರೋಗ್ರಾಂ ಇರುವ ವೆಲ್‌ನಲ್ಲಿ ಡಿಎಂಎಸ್‌ಒ ಶೇ. 1 ಆಗುತ್ತೆ. 20 ಮಿಲಿಗ್ರಾಂ ಸ್ಟಾಕ್ ಮಾಡಿ, ಶೇ. 0.5ಕ್ಕೆ ಇಳಿಯುತ್ತೆ. ಬರೀ ಡಿಎಂಎಸ್‌ಒ ಹಾಕಿದ ಕಂಟ್ರೋಲ್, ಜೊತೆಗೆ ಹೋಲಿಕೆಗೆ ಕಾಳಾ ಅಜಾರ್ ಔಷಧ ಮಿಲ್ಟೆಫೊಸಿನ್ ಕಡ್ಡಾಯ.

ಬೇರುಬಳ್ಳಿ:
ಇಬ್ಬರೂ ಹೇಳಿದ್ದು ಸರಿ. ಆದರೆ ತುಂಡುಮಾಡಿದ ಅಂಗಡಿ ಬೇರು ಬಿಳಿ ಹೂವಿನ ಜಾತಿಯದೋ, ಕೆಂಪು ಹೂವಿನ ಜಾತಿಯದೋ ಕಣ್ಣಲ್ಲಿ ಗೊತ್ತಾಗಲ್ಲ, ಎರಡರಲ್ಲೂ ಪ್ಲಂಬಾಜಿನ್ ಇರುವುದರಿಂದ ಟಿಎಲ್‌ಸಿಯೂ ಬಿಡಿಸಿ ಹೇಳಲ್ಲ. ಹೂ ಬಿಟ್ಟ ಗಿಡದ ಬೇರನ್ನೇ ಅಗೆದು, ಸಸ್ಯಶಾಸ್ತ್ರದವರಿಂದ ಗುರುತಿಸಿ, ಹರ್ಬೇರಿಯಂ (ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹ) ಸಂಖ್ಯೆ ಪಡೆಯಿರಿ. ಪುಡಿ ಮಾಡುವಾಗ ಗ್ಲೌಸ್, ಮಾಸ್ಕ್ ಬೇಕೇ ಬೇಕು, ಹಸಿ ಬೇರು ಚರ್ಮದಲ್ಲಿ ಗುಳ್ಳೆ ಎಬ್ಬಿಸುತ್ತೆ.

ಪ್ರೊಮಾಸ್ಟಿಗೋಟ್ ಮರಳುನೊಣದೊಳಗಿನ ರೂಪ. ರೋಗಿಯ ಮ್ಯಾಕ್ರೋಫೇಜ್ (ರೋಗಾಣು ನುಂಗುವ ರಕ್ಷಣಾ ಕೋಶ) ಒಳಗಿರುವುದು ಅಮಾಸ್ಟಿಗೋಟ್ ರೂಪ, ಔಷಧ ಮುಟ್ಟಬೇಕಾದ್ದು ಅದನ್ನು. ಸೋಂಕಿತ ಮ್ಯಾಕ್ರೋಫೇಜ್‌ಗಳನ್ನು 37 ಡಿಗ್ರಿಯಲ್ಲಿ ಬೆಳೆಸಿ, ಜೀಮ್ಸಾ ಬಣ್ಣ ಹಾಕಿ, 100 ಕೋಶಗಳಲ್ಲಿ ಎಷ್ಟು ಅಮಾಸ್ಟಿಗೋಟ್‌ಗಳು ಉಳಿದಿವೆ ಎಣಿಸಿ. ಸೋಂಕಿಲ್ಲದ ಮ್ಯಾಕ್ರೋಫೇಜ್‌ಗಳ ಸಿಸಿ50 (ಅರ್ಧ ಕೋಶಗಳನ್ನು ಕೊಲ್ಲುವ ಸಾಂದ್ರತೆ) ತೆಗೆದು ಐಸಿ50ಯಿಂದ (ಪರಾವಲಂಬಿಯನ್ನು ಅರ್ಧಕ್ಕೆ ಇಳಿಸುವ ಸಾಂದ್ರತೆ) ಭಾಗಿಸಿ. ಸಾಮಾನ್ಯವಾಗಿ 10ಕ್ಕಿಂತ ಹೆಚ್ಚು ಬಂದರೆ ಮುಂದುವರಿಯುತ್ತಾರೆ. ಪ್ಲಂಬಾಜಿನ್ ನಮ್ಮ ಕೋಶಗಳಿಗೂ ವಿಷ, ಹಾಗಾಗಿ ಈ ಅನುಪಾತವನ್ನೇ ಮೊದಲು ಪರೀಕ್ಷಿಸಿ.