ಮಿಶ್ರ ಭಿನ್ನರಾಶಿ ಕಳೆಯುವಾಗ ಕಡ ತಂದ 1 ಹತ್ತೋ, ಹನ್ನೆರಡೋ?

ಏಳನೇ ಕ್ಲಾಸಿನ ಅಮ್ಮ:
ಲೆಕ್ಕ 5 1/4 − 2 5/6. ಮಗಳು ಮೊದಲು 3 7/12 ಬರೆದಳು. ತಪ್ಪು ಅಂದಿದ್ದಕ್ಕೆ 5ರಿಂದ ಕಡ ತಂದು ಮತ್ತೆ ಮಾಡಿ 2 1/4 ಅಂದಳು. ಪುಸ್ತಕದ ಹಿಂದಿರುವ ಉತ್ತರ 2 5/12. ಲ.ಸಾ.ಅ. 12 ಅಂತ ಸರಿಯಾಗೇ ತೆಗೆದಿದ್ದಾಳೆ. ಎಲ್ಲಿ ಜಾರುತ್ತಿದೆ? ಎಲ್ಲವನ್ನೂ ವಿಷಮ ಭಿನ್ನರಾಶಿ ಮಾಡಿಬಿಡು ಅಂತ ಹೇಳಿಕೊಟ್ಟರೆ ಸಾಕಾ?

ಗಣಿತದ ಮೇಷ್ಟ್ರು:
ಎರಡು ತಪ್ಪಿಗೂ ಬೇರೆ ಬೇರೆ ಕಾರಣ, ಮೇಡಂ. ಛೇದ ಸಮ ಮಾಡಿದ ಮೇಲೆ ಲೆಕ್ಕ 5 3/12 − 2 10/12. 3ರಲ್ಲಿ 10 ಹೋಗುವುದಿಲ್ಲ ಅಂತ ತಿರುಗಿಸಿ, 10ರಲ್ಲಿ 3 ಕಳೆದರೆ 7/12. ಮೊದಲ ಉತ್ತರ ಬಂದದ್ದು ಹಾಗೆ.

ಎರಡನೇ ಸಲ ಕಡ ತಂದದ್ದು ಸರಿ, ಆದರೆ ತಂದ 1ನ್ನು 10 ಅಂತ ಎಣಿಸಿದ್ದಾಳೆ. 3 ಇದ್ದದ್ದು 13 ಆಯಿತು, 13 − 10 = 3, ಅಂದರೆ 3/12, ಅದೇ 1/4. ದಶಕಸ್ಥಾನದಿಂದ ತಂದರೆ ಬಿಡಿಸ್ಥಾನಕ್ಕೆ 10 ಬರುತ್ತದೆ, ನಿಜ. ಇಲ್ಲಿ ತಂದದ್ದು ಒಂದು ಇಡೀ. ಛೇದ 12 ಇದ್ದರೆ ಅದರಲ್ಲಿ 12 ಭಾಗ, ಛೇದ 5 ಇದ್ದರೆ 5 ಭಾಗ.

5 3/12 = 4 + 12/12 + 3/12 = 4 15/12
4 15/12 − 2 10/12 = 2 5/12

ನಡುವಿನ 12/12 ಹೆಜ್ಜೆಯನ್ನು ಬಿಡದೆ ಬರೆಸಿ. ಅಂಶದ ಪಕ್ಕ ಸಣ್ಣ 1 ಹಾಕುವ ಅಭ್ಯಾಸವೇ ಇಲ್ಲಿ ಕೈಕೊಡುವುದು. 7 − 3 2/5 ಕೊಟ್ಟು ನೋಡಿ. 4 2/5 ಅಂದರೆ ವಿಷಯ ಇನ್ನೂ ತಲೆಗೆ ಹೋಗಿಲ್ಲ. 7ನ್ನು 6 5/5 ಅಂತ ಬರೆದರೆ 3 3/5 ತಾನಾಗಿ ಬರುತ್ತದೆ.

ಟ್ಯೂಷನ್ ಟೀಚರ್:
ವಿಷಮ ಭಿನ್ನರಾಶಿಯ ದಾರಿ ತಪ್ಪಲ್ಲ: 21/4 − 17/6 = 63/12 − 34/12 = 29/12 = 2 5/12. ಕಡ ತರುವ ಗೊಡವೆಯೇ ಇಲ್ಲ. ಆದರೆ 47 1/8 − 19 5/6 ಬಂದಾಗ 1131/24 − 476/24 ಮಾಡಬೇಕು. ಭಿನ್ನ ಗೊತ್ತಿದ್ದೂ ಮಕ್ಕಳು ಗುಣಾಕಾರದಲ್ಲಿ ಎಡವುತ್ತಾರೆ. ಕಡ ತಂದರೆ 46 27/24 − 19 20/24 = 27 7/24, ಅಷ್ಟೇ. ವಿಷಮ ಭಿನ್ನರಾಶಿಯ ದಾರಿಯೊಂದನ್ನೇ ಕಲಿಸಬೇಡಿ.

ಬಾಯಿಲೆಕ್ಕ:
ಕಡವೇ ಬೇಡದ ಇನ್ನೊಂದು ದಾರಿಯಿದೆ, ನನಗೆ ಇದೇ ಹೆಚ್ಚು ಇಷ್ಟ. 2 5/6ಕ್ಕೆ 1/6 ಸೇರಿಸಿದರೆ 3. ಎರಡೂ ಕಡೆ ಅಷ್ಟೇ ಸೇರಿಸಿದರೆ ವ್ಯತ್ಯಾಸ ಬದಲಾಗುವುದಿಲ್ಲ. 5 1/4 + 1/6 = 5 5/12, ಅದರಲ್ಲಿ 3 ಕಳೆದರೆ 2 5/12.

ಗಣಿತದ ಮೇಷ್ಟ್ರು:
ತಾಳೆ ನೋಡುವುದನ್ನೂ ಕಲಿಸಿ. ಐದೂಕಾಲರಲ್ಲಿ ಹತ್ತಿರ ಹತ್ತಿರ 3 ಹೋದರೆ ಎರಡೂಕಾಲಕ್ಕಿಂತ ಸ್ವಲ್ಪ ಹೆಚ್ಚು ಉಳಿಯಬೇಕು, ಹಾಗಾಗಿ 3 7/12 ನೋಡಿದ ಕೂಡಲೇ ತಪ್ಪೆಂದು ಗೊತ್ತಾಗುತ್ತದೆ. 2 1/4 ಮಾತ್ರ ಅಂದಾಜಿಗೆ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಕೂಡಿ ನೋಡಬೇಕು: 2 1/4 + 2 5/6 = 5 1/12. ಬರಬೇಕಾದದ್ದು 5 3/12. ಕೊರತೆ 2/12, 12ರ ಬದಲು 10 ತಂದದ್ದರ ಸರಿಯಾದ ಲೆಕ್ಕ.