ಕನ್ನಡ ಮಾಧ್ಯಮದಿಂದ ಬಂದು ಆಪ್ಷನಲ್ ಇಂಗ್ಲಿಷ್ ಓದಿದವರು ಅನುಭವ ತಿಳಿಸಿ

ಪ್ರಶ್ನೆ (ಕಡೂರು ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ನಾನು ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ದ್ವಿತೀಯ ಪಿಯುಸಿ ಕಲಾ ವಿಭಾಗ ಮುಗಿಸಿದ್ದೇನೆ, ಇಂಗ್ಲಿಷಿನಲ್ಲಿ 71 ಅಂಕ ಬಂದಿದೆ. ಬಿ.ಎ.ಯಲ್ಲಿ ಆಪ್ಷನಲ್ ಇಂಗ್ಲಿಷ್ ತೆಗೆದುಕೊಳ್ಳುವ ಆಸೆ. ಬರೆಯುವ ಹುಚ್ಚೂ ಇದೆ. ಅಪ್ಪ ಅರ್ಥಶಾಸ್ತ್ರ ಓದು ಎನ್ನುತ್ತಾರೆ. ತರಗತಿಯಲ್ಲಿ ಹಿಂದೆ ಬೀಳುತ್ತೇನೆಯೇ? ಮುಂದೆ ಕೆಲಸ ಸಿಗುತ್ತದೆಯೇ? ಓದಿದವರು ದಯವಿಟ್ಟು ತಿಳಿಸಿ.

ಶಿವಮೊಗ್ಗದ ಬಿ.ಎ. ವಿದ್ಯಾರ್ಥಿನಿ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ಎಲ್ಲರೂ ಓದುವ ಭಾಷಾ ಇಂಗ್ಲಿಷ್ ಬೇರೆ, ಆಪ್ಷನಲ್ ಇಂಗ್ಲಿಷ್ ಬೇರೆ. ಮೊದಲನೆಯದರಲ್ಲಿ ನಾಲ್ಕಾರು ಪಾಠ, ವ್ಯಾಕರಣ, ಪತ್ರಲೇಖನ ಇರುತ್ತದೆ. ಎರಡನೆಯದರಲ್ಲಿ ಸಾಹಿತ್ಯ ಚರಿತ್ರೆ, ನಾಟಕ, ಕಾದಂಬರಿ, ವಿಮರ್ಶೆ ಎಲ್ಲವೂ ಬರುತ್ತವೆ. ನನ್ನ ಗೆಳತಿಯರಿಬ್ಬರು ಇದು ತಿಳಿಯದೆ ಸೇರಿ, ಮೊದಲ ತಿಂಗಳೇ ವಿಷಯ ಬದಲಿಸಲು ಕಚೇರಿಗೆ ಓಡಿದರು. ಇನ್ನೊಂದು ಮಾತು: ಸೀನಿಯರ್‌ಗಳು ಮೇಜರ್, ಮೈನರ್, ನಾಲ್ಕನೆಯ ವರ್ಷ ಎಂದೆಲ್ಲ ಹೇಳಬಹುದು. ಅದು 2021–22ರಲ್ಲಿ ಬಂದ ಪದ್ಧತಿ. 2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿಯೇ ಇದೆ. ಈ ವರ್ಷ ನಿಮ್ಮ ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ಇದೆ ಎಂದು ಅಲ್ಲಿಯೇ ಹೋಗಿ ಕೇಳಿ.

ಹಾಸನ, ಪದವಿ ಕಾಲೇಜಿನ ಉಪನ್ಯಾಸಕಿ

ಹಿಂದೆ ಬೀಳುತ್ತೇನೆಯೇ ಎಂದು ಕೇಳಿದ್ದೀಯಲ್ಲ ಮಗಳೇ, ನಾನೂ ಕನ್ನಡ ಮಾಧ್ಯಮದವಳೇ. ಮೊದಲ ಸೆಮಿಸ್ಟರ್ ಕಷ್ಟವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇಪ್ಪತ್ತು ವರ್ಷ ಪಾಠ ಮಾಡಿ ನಾನು ಕಂಡದ್ದು ಇಷ್ಟು: ಮಕ್ಕಳು ಸೋಲುವುದು ಇಂಗ್ಲಿಷ್ ಬಾರದೆ ಅಲ್ಲ, ಮೂಲ ಕೃತಿಯನ್ನು ಓದದೆ. ಗೈಡಿನ ಸಾರಾಂಶ ಬಾಯಿಪಾಠ ಮಾಡಿದರೆ ಪರೀಕ್ಷೆ ಪಾಸಾಗುತ್ತದೆ, ಮೂರು ವರ್ಷವೂ ಹೋಗುತ್ತದೆ, ಒಂದು ಪದ್ಯವೂ ನಿನ್ನದಾಗಿರುವುದಿಲ್ಲ.

ನನಗೆ ದಾರಿ ತೋರಿದ್ದು ಪ್ರಸ್ತಾರ. ಹೈಸ್ಕೂಲಿನಲ್ಲಿ ಲಘು–ಗುರು ಗುರುತಿಸಿ ಗಣ ವಿಭಾಗ ಮಾಡಿದ್ದು ನೆನಪಿದೆಯಲ್ಲ? ನಮ್ಮ ಮೇಷ್ಟ್ರು ಒಂದು ದಿನ ಶೇಕ್ಸ್‌ಪಿಯರ್‌ನ ಸಾಲೊಂದನ್ನು ಹಲಗೆಯ ಮೇಲೆ ಬರೆದು, ‘ಇದಕ್ಕೆ ಪ್ರಸ್ತಾರ ಹಾಕಿ’ ಎಂದರು. ನಾವು ದೀರ್ಘ ಸ್ವರ ಕಂಡಲ್ಲೆಲ್ಲ ಗುರು ಹಾಕಿದೆವು, ಲೆಕ್ಕ ಕೂಡಲಿಲ್ಲ. ಆಮೇಲೆ ಅವರು ಡೆಸ್ಕನ್ನು ತಟ್ಟುತ್ತಾ ಓದಿದರು. ಹತ್ತು ಉಚ್ಚಾರಾಂಶ, ಎರಡಕ್ಕೊಂದರಂತೆ ಐದು ಪೆಟ್ಟು. ಕನ್ನಡದಲ್ಲಿ ಎಣಿಸುವುದು ಮಾತ್ರೆಯನ್ನು, ಅಲ್ಲಿ ಎಣಿಸುವುದು ದನಿಯ ಒತ್ತನ್ನು. ಆವತ್ತು ಸಂಜೆ ಹಾಸ್ಟೆಲಿನ ಮಹಡಿಯಲ್ಲಿ ನಾವು ನಾಲ್ವರು ತಟ್ಟೆ ತಟ್ಟಿ ಸಾಲು ಹೇಳಿದೆವು. ಕನ್ನಡದ ಛಂದಸ್ಸು ಗೊತ್ತಿದ್ದದ್ದರಿಂದಲೇ ಅದು ಬೇಗ ಹಿಡಿಯಿತು. ಇಂಗ್ಲಿಷ್ ಮಾಧ್ಯಮದ ಸಹಪಾಠಿಗಳು ನಮ್ಮ ಬಳಿ ಹೇಳಿಸಿಕೊಂಡರು.

ಇಲ್ಲಿಗೆ ಇಂಗ್ಲಿಷ್ ವಿಭಾಗಗಳು ಕನ್ನಡದ ಶತ್ರುಗಳಾಗಿ ಬಂದವಲ್ಲ. ಬಿ.ಎಂ.ಶ್ರೀ. ಇಂಗ್ಲಿಷ್ ಪ್ರಾಧ್ಯಾಪಕರು, ವಿ.ಕೃ. ಗೋಕಾಕ್ ಇಂಗ್ಲಿಷ್ ಪ್ರಾಧ್ಯಾಪಕರು, ಅಡಿಗರು, ಲಂಕೇಶ್, ಅನಂತಮೂರ್ತಿ ಎಲ್ಲರೂ ಇಂಗ್ಲಿಷ್ ಪಾಠ ಹೇಳಿದವರೇ. ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. 2025ರ ಅಂತರರಾಷ್ಟ್ರೀಯ ಬೂಕರ್ ಇಬ್ಬರಿಗೂ ಸೇರಿ ಬಂತು, ಬಹುಮಾನದ ಹಣವೂ ಸಮಪಾಲು. ಆ ಕೆಲಸಕ್ಕೆ ಬೇಕಾದದ್ದು ಎರಡು ಭಾಷೆ. ಅವುಗಳಲ್ಲಿ ಒಂದು ನಿನ್ನ ಕೈಯಲ್ಲಿ ಈಗಾಗಲೇ ಇದೆ.

ಮಂಗಳೂರು, ಬರವಣಿಗೆಯೇ ವೃತ್ತಿ

ನೀವು ಬರೆಯುವ ಹುಚ್ಚಿನ ಬಗ್ಗೆ ಹೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಎರಡನೆಯ ವರ್ಷದಲ್ಲಿ ನಮಗೆ ಇಂಗ್ಲಿಷಿನಲ್ಲಿ ಒಂದು ವ್ಯಕ್ತಿಚಿತ್ರ ಬರೆಯಲು ಹೇಳಿದ್ದರು. ನಾನು ಅಮ್ಮನ ಬಗ್ಗೆ ಬರೆದೆ: ಪ್ರೀತಿಯವಳು, ಶ್ರಮಜೀವಿ, ತ್ಯಾಗಮಯಿ. ಮೇಡಂ ಓದಿ, ‘ನಿಮ್ಮ ಅಮ್ಮ ಏನು ಕೆಲಸ ಮಾಡುತ್ತಾರೆ?’ ಎಂದರು. ಬೀಡಿ ಕಟ್ಟುತ್ತಾರೆ ಎಂದೆ. ‘ಎಲೆಯನ್ನು ಹೇಗೆ ಕತ್ತರಿಸುತ್ತಾರೆ? ಅದನ್ನು ಬರೆದುಕೊಂಡು ಬಾ.’

ಮನೆಗೆ ಹೋಗಿ ಮೊದಲ ಬಾರಿಗೆ ಅಮ್ಮನ ಕೈಗಳನ್ನು ನೋಡಿದೆ. ನೀರಿನಲ್ಲಿ ನೆನೆಸಿ ಮೆತ್ತಗಾದ ಎಲೆ, ಅದರ ಮೇಲೆ ತಗಡಿನ ಅಚ್ಚು, ಅಚ್ಚಿನ ಅಂಚಿಗೇ ಓಡುವ ಕತ್ತರಿ. ಚಿಟಿಕೆ ಹೊಗೆಸೊಪ್ಪು, ಒಂದು ಸುತ್ತು, ತುದಿ ಮಡಚಿ ನೂಲು. ಟಿ.ವಿ. ನೋಡುತ್ತಲೇ ಇದೆಲ್ಲ ನಡೆಯುತ್ತಿತ್ತು. ಇದಕ್ಕೆ ಸಿದ್ಧವಾದ ಇಂಗ್ಲಿಷ್ ಮಾತು ನನ್ನ ಬಳಿ ಇರಲಿಲ್ಲ. ಗೊತ್ತಿದ್ದ ಸಣ್ಣ ಸಣ್ಣ ಪದಗಳಲ್ಲಿ, ಸಣ್ಣ ವಾಕ್ಯಗಳಲ್ಲಿ ಬರೆದೆ. ಐದು ಸಲ ತಿದ್ದಿದೆ. ಗುಣವಾಚಕ ಒಂದೂ ಉಳಿಯಲಿಲ್ಲ. ಈಗ ಒಂದು ಕಂಪನಿಯಲ್ಲಿ ಯಂತ್ರ ಬಳಸುವವರಿಗೆ ಕೈಪಿಡಿ ಬರೆಯುತ್ತೇನೆ. ಆ ಎರಡು ಪುಟ ನನಗೆ ಕಲಿಸಿದ್ದರಿಂದಲೇ ನನ್ನ ಮನೆ ನಡೆಯುತ್ತಿದೆ. ಅಮ್ಮ ಬೀಡಿ ಕಟ್ಟುವುದನ್ನು ಬಿಟ್ಟು ಮೂರು ವರ್ಷವಾಯಿತು.

ದಾವಣಗೆರೆ, ಹಿಂದೆ ಅತಿಥಿ ಉಪನ್ಯಾಸಕ

ತಂಗಿ, ಕೆಲಸದ ವಿಷಯ ನಾನು ಹೇಳಲೇಬೇಕು. ಎಂ.ಎ. ಮುಗಿದ ಕೂಡಲೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದೆ. ಪಾಠ ನಡೆಯುವ ತಿಂಗಳುಗಳಿಗೆ ಮಾತ್ರ ಗೌರವಧನ, ಅದೂ ತಡವಾಗಿ. ರಜೆ ಬಂದರೆ ಕೈ ಖಾಲಿ. ಎರಡು ಬೇಸಿಗೆ ಸ್ನೇಹಿತನ ಜೆರಾಕ್ಸ್ ಅಂಗಡಿಯಲ್ಲಿ ಕುಳಿತೆ. ಪದವಿ ಕಾಲೇಜಿನಲ್ಲಿ ಕಾಯಂ ಹುದ್ದೆ ಬೇಕಾದರೆ ಎಂ.ಎ. ಮಾತ್ರ ಸಾಲದು. ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರ ಮಟ್ಟದ್ದು) ಅಥವಾ ಕೆ-ಸೆಟ್ (ನಮ್ಮ ರಾಜ್ಯದ್ದು) ಬೇಕು, ಇಲ್ಲವೇ ಪಿಎಚ್.ಡಿ. ನೆಟ್‌ಗೆ ಕೂರಲು ಎಂ.ಎ.ಯಲ್ಲಿ 55 ಶೇಕಡಾ ಇರಬೇಕು, ಮೀಸಲಾತಿ ಇದ್ದವರಿಗೆ 50. ಎಲ್ಲರಿಗೂ ಒಂದೇ ಆದ ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, ಎರಡನೆಯದಾದ ಇಂಗ್ಲಿಷ್ ಪತ್ರಿಕೆಯಲ್ಲಿ 100, ಎರಡಕ್ಕೂ ಸೇರಿ ಮೂರು ಗಂಟೆ. ಗೈಡ್ ಓದಿ ಬಿ.ಎ. ಮುಗಿಸಿದ್ದ ನಾನು ಆ 100 ಪ್ರಶ್ನೆಗಳ ಮುಂದೆ ಎರಡು ಸಲ ಸೋತೆ. ಮೇಲೆ ಹಾಸನದ ಮೇಡಂ ಹೇಳಿದ್ದು ಅಕ್ಷರಶಃ ನಿಜ.

ಕೊನೆಗೆ ಎರಡು ವರ್ಷದ ಬಿ.ಇಡಿ. ಮಾಡಿಕೊಂಡೆ, ಈಗ ಹೈಸ್ಕೂಲಿನಲ್ಲಿದ್ದೇನೆ, ನೆಮ್ಮದಿಯಾಗಿದ್ದೇನೆ. ಶಿಕ್ಷಕರ ನೇಮಕಾತಿಯ ಹಳೆಯ ಅಧಿಸೂಚನೆಯೊಂದನ್ನು ಈಗಲೇ ತೆರೆದು ಓದು. ಪದವಿಯಲ್ಲಿ ಯಾವ ವಿಷಯ ಓದಿರಬೇಕು ಎಂಬುದನ್ನು ಸ್ಪಷ್ಟವಾಗಿ ಬರೆದಿರುತ್ತಾರೆ. ಸೇರಿದ ಮೇಲೆ ನೋಡಿ ಪ್ರಯೋಜನವಿಲ್ಲ.

ತುಮಕೂರು, ಓದುವ ಮಗಳ ತಂದೆ

ನಿಮ್ಮ ಅಪ್ಪನ ಪರವಾಗಿ ಒಂದು ಮಾತು ಅಮ್ಮಾ. ಅವರಿಗೆ ಇಂಗ್ಲಿಷ್ ಬೇಡವೆಂದಿರಲಾರದು, ನಿಮ್ಮ ನಾಳೆಯ ಚಿಂತೆ. ಅರ್ಥಶಾಸ್ತ್ರ, ಇಂಗ್ಲಿಷ್ ಎರಡೂ ಒಟ್ಟಿಗಿರುವ ಕಾಂಬಿನೇಷನ್ ಎಷ್ಟೋ ಕಾಲೇಜುಗಳಲ್ಲಿದೆ. ನನ್ನ ಮಗಳು ಅದನ್ನೇ ಓದುತ್ತಿದ್ದಾಳೆ. ಪ್ರವೇಶಕ್ಕೆ ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ, ಇಂಗ್ಲಿಷ್ ವಿಭಾಗದವರ ಜೊತೆ ಐದು ನಿಮಿಷ ಕೂರಿಸಿ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಕೈಮುಗಿಯುತ್ತೇನೆ. ಬೀಡಿಯ ಭಾಗವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೋಮವಾರ ಕಾಲೇಜಿಗೆ ಬರುತ್ತೇನೆ ಎಂದರು. ಶಬ್ದಕೋಶ ಯಾವುದು ಕೊಳ್ಳಲಿ?

ಹಾಸನ, ಪದವಿ ಕಾಲೇಜಿನ ಉಪನ್ಯಾಸಕಿ

ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಮನೆಯಲ್ಲಿರಲಿ. ಹಳೆಯ ನಾಟಕ ಓದುವಾಗ ಅದು ಸಾಲದು, ಪುಟದ ಕೆಳಗೆ ಟಿಪ್ಪಣಿ ಇರುವ ಆವೃತ್ತಿಯನ್ನೇ ತೆಗೆದುಕೋ. ಶೇಕ್ಸ್‌ಪಿಯರ್‌ನಲ್ಲಿ ‘ಪ್ರೆಸೆಂಟ್ಲಿ’ ಎಂದು ಬಂದರೆ ಹೆಚ್ಚಾಗಿ ‘ತಕ್ಷಣವೇ’ ಎಂದರ್ಥ. ಇಂದಿನ ಬಳಕೆಯ ‘ಸ್ವಲ್ಪ ಹೊತ್ತಿನಲ್ಲಿ’ ಎಂಬ ಅರ್ಥ ಹಿಡಿದು ಹೊರಟರೆ ದೃಶ್ಯವೇ ತಪ್ಪಿಹೋಗುತ್ತದೆ. ಸೇರಿದ ಮೇಲೆ ಮೊದಲ ಪಠ್ಯ ಯಾವುದೆಂದು ಇಲ್ಲಿ ಬರೆ, ಒಟ್ಟಿಗೆ ಓದೋಣ.